ಹಿಪ್ಪೊಕ್ಯಾಂಪಸ್ ಮತ್ತು ಊಟದ ತಟ್ಟೆ

ಎಂಬಿಬಿಎಸ್ ಮೊದಲ ವರ್ಷದ ಅನಾಟಮಿ ಪರೀಕ್ಷೆಗೆ ಓದುವವರಿಗೆ ಪೇಪೆಜ್ ಸರ್ಕ್ಯೂಟ್ ಬಾಯಿಪಾಠವಾಗಿರುತ್ತದೆ. ಹಿಪ್ಪೊಕ್ಯಾಂಪಸ್‌ನಿಂದ ಫಾರ್ನಿಕ್ಸ್, ಅಲ್ಲಿಂದ ಮ್ಯಾಮಿಲರಿ ಬಾಡಿ, ಆಮೇಲೆ ಥಾಲಮಸ್‌ನ ಮುಂಭಾಗ, ಸಿಂಗ್ಯುಲೇಟ್ ಗೈರಸ್, ಸುತ್ತಿ ಬಂದು ಮತ್ತೆ ಹಿಪ್ಪೊಕ್ಯಾಂಪಸ್. ಅಮೆರಿಕದ ಅಂಗರಚನಾ ವಿಜ್ಞಾನಿ ಜೇಮ್ಸ್ ಪೇಪೆಜ್ 1937ರಲ್ಲಿ ಇದನ್ನು ಭಾವನೆಗಳು ಹರಿಯುವ ದಾರಿ ಎಂದು ಊಹಿಸಿದ. ಅದು ನೆನಪಿನ ದಾರಿಯೂ ಹೌದೆಂಬುದು ಆಮೇಲೆ ತಿಳಿಯಿತು. ಬಾಣದ ಗುರುತು ಹಾಕಿ ಅಚ್ಚುಕಟ್ಟಾಗಿ ಚಿತ್ರ ಬರೆದರೆ ಅಂಕ ಖಂಡಿತ.

ಎರಡು ಮೂರು ವರ್ಷ ಕಳೆಯುತ್ತದೆ. ಹಾಗೆ ಓದಿದ ವಿದ್ಯಾರ್ಥಿನಿಯೊಬ್ಬಳು ಮೆಡಿಸಿನ್ ವಾರ್ಡಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರ ಮಂಚದ ಪಕ್ಕ ನಿಂತಿದ್ದಾಳೆ ಎಂದುಕೊಳ್ಳಿ. "ಬೆಳಗ್ಗೆ ಏನು ತಿಂದ್ರಿ ಅಜ್ಜಿ?" ಎಂದು ಕೇಳುತ್ತಾಳೆ. "ಉಪ್ಪಿಟ್ಟು" ಎನ್ನುತ್ತಾರೆ ಅಜ್ಜಿ. "ಇಲ್ಲ ಡಾಕ್ಟ್ರೇ, ಇಡ್ಲಿ" ಎಂದು ಸೊಸೆ ತಿದ್ದುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರೆ, ತಮಗೆ ತಿಂಡಿಯನ್ನೇ ಕೊಟ್ಟಿಲ್ಲ ಎಂದು ಅಜ್ಜಿ ಕಣ್ಣೀರು ಹಾಕುತ್ತಾರೆ. ವಿದ್ಯಾರ್ಥಿನಿ ಕೇಸ್ ಶೀಟಿನಲ್ಲಿ 'ಅನ್‌ರಿಲಯಬಲ್' ಎಂದು ಬರೆದು ಸೊಸೆಯ ಕಡೆ ತಿರುಗಿ ಮುಂದಿನ ಪ್ರಶ್ನೆ ಕೇಳುತ್ತಾಳೆ. ತಾನು ಬಾಯಿಪಾಠ ಮಾಡಿದ ಚಿತ್ರದ ಮೊದಲ ಮನೆಯೇ ಆ ಮಂಚದ ಮೇಲೆ ಕುಸಿದು ಕುಳಿತಿದೆ ಎಂಬುದು ಅವಳಿಗೆ ಹೊಳೆಯುವುದಿಲ್ಲ. ಹೊಳೆಯುವಂತೆ ಅವಳಿಗೆ ಯಾರೂ ಕಲಿಸಿಲ್ಲ.

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ನರರೋಗ ತಜ್ಞ ರಾಲ್ಫ್ ಜೋಸೆಫೊವಿಚ್ 1994ರಲ್ಲಿ ಇದಕ್ಕೆ 'ನ್ಯೂರೋಫೋಬಿಯಾ' ಎಂದು ಹೆಸರಿಟ್ಟರು. ನರಮಂಡಲವೆಂದರೆ ವೈದ್ಯ ವಿದ್ಯಾರ್ಥಿಗಳಿಗೆ ಇರುವ ಭಯ. ಇಬ್ಬರಲ್ಲಿ ಒಬ್ಬರಿಗೆ ಓದಿನ ಒಂದಲ್ಲ ಒಂದು ಹಂತದಲ್ಲಿ ಈ ಭಯ ಬರುತ್ತದೆ ಎಂಬುದು ಅವರ ಅಂದಾಜು. ವಿಷಯ ಕಷ್ಟವಾದ್ದರಿಂದ ಭಯ ಎಂದಷ್ಟೇ ಹೇಳಿ ಅವರು ಬಿಡಲಿಲ್ಲ. ಮೊದಲ ವರ್ಷಗಳಲ್ಲಿ ಓದಿದ ಮೂಲವಿಜ್ಞಾನವನ್ನು ರೋಗಿಯ ಎದುರು ಬಳಸಲು ಆಗದಿರುವುದೇ ಭಯದ ಬೇರು ಎಂದರು. ಅವರು ಹೇಳಿದ್ದು ನರರೋಗಗಳ ಬಗ್ಗೆ, ಒಟ್ಟಾರೆಯಾಗಿ. ಡಿಮೆನ್ಷಿಯಾದ ಮಟ್ಟಿಗಂತೂ ಅದು ನೂರಕ್ಕೆ ನೂರು ನಿಜ ಎಂದು ನನಗನಿಸುತ್ತದೆ. ಮೆದುಳಿನ ಪಾಠ ಒಂದು ಕಡೆ, ಆರೈಕೆಯ ಪಾಠ ಇನ್ನೊಂದು ಕಡೆ ನಡೆಯುತ್ತದೆ. ಮೊದಲನೆಯದಕ್ಕೆ ವಿಜ್ಞಾನದ ಗೌರವ ಸಿಗುತ್ತದೆ. ಎರಡನೆಯದನ್ನು ಕರುಣೆ, ತಾಳ್ಮೆ ಎಂಬ ಮಾತುಗಳಲ್ಲಿ ಮುಗಿಸುತ್ತೇವೆ. ಆದರೆ ತಾಳ್ಮೆ ಯಾಕೆ, ಎಲ್ಲಿ, ಯಾವ ಮಾತಿನಲ್ಲಿ ಎಂಬುದನ್ನು ಹೇಳಬಲ್ಲದ್ದು ಮೆದುಳಿನ ನಕ್ಷೆಯೇ. ಎರಡೂ ಪಾಠಗಳನ್ನು ಒಂದೇ ತರಗತಿಯಲ್ಲಿ, ಒಂದೇ ಉಸಿರಿನಲ್ಲಿ ಹೇಳಿಕೊಡಬೇಕು.

ಹಾಗೆ ಹೇಳಿಕೊಡಲು ಹೊರಟರೆ ಮೊದಲ ಪಾಠ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಯಲ್ಲಿ ಸಿಗುತ್ತದೆ. 1901ರ ನವೆಂಬರ್‌ನಲ್ಲಿ ಅಲ್ಲಿಗೆ ಸೇರಿದ ಅಗಸ್ಟೆ ಡಿ. ಎಂಬ 51 ವರ್ಷದ ಹೆಂಗಸನ್ನು ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯ ಮತ್ತೆ ಮತ್ತೆ ಮಾತಾಡಿಸಿದ. ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಇದ್ದಂತೆಯೇ ಬರೆದಿಟ್ಟ. ಒಂದು ಮಧ್ಯಾಹ್ನ ಆಕೆ ಹಂದಿಮಾಂಸ ಮತ್ತು ಹೂಕೋಸು ಊಟ ಮಾಡುತ್ತಿದ್ದಳು. ಏನು ತಿನ್ನುತ್ತಿದ್ದೀರಿ ಎಂದು ಕೇಳಿದಾಗ ಪಾಲಕ್ ಸೊಪ್ಪು ಎಂದಳು. ಹೆಸರು ಬರೆಯಿರಿ ಎಂದರೆ 'ಶ್ರೀಮತಿ' ಎಂಬಷ್ಟು ಬರೆದು ಮುಂದಿನದನ್ನು ಮರೆತಳು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು. ಆ ಹೊತ್ತಿಗೆ ಆಲ್ಝೈಮರ್ ಮ್ಯೂನಿಕ್‌ನಲ್ಲಿದ್ದ. ಆಕೆಯ ಮೆದುಳನ್ನು ಅಲ್ಲಿಗೆ ತರಿಸಿಕೊಂಡು ಬೆಳ್ಳಿಯ ಲವಣದಲ್ಲಿ ಬಣ್ಣಗಟ್ಟಿಸಿ ಸೂಕ್ಷ್ಮದರ್ಶಕದಡಿ ನೋಡಿದ. ಕೋಶಗಳ ಹೊರಗೆ ಗಟ್ಟಿಕಟ್ಟಿದ ಚುಕ್ಕೆಗಳು, ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ವಿದ್ಯಾರ್ಥಿಗಳು ಈ ಕಥೆಯ ಎರಡನೆಯ ಅರ್ಧವನ್ನು ಮಾತ್ರ ಓದುತ್ತಾರೆ. ಚುಕ್ಕೆ ಎಂದರೆ ಅಮಿಲಾಯ್ಡ್, ಸಿಕ್ಕು ಎಂದರೆ ಟಾವ್. ಮೊದಲನೆಯ ಅರ್ಧ, ಎಂದರೆ ಆ ಪ್ರಶ್ನೋತ್ತರದ ಹಾಳೆಗಳು, ಬಹುಕಾಲ ಯಾರ ಕೈಗೂ ಸಿಕ್ಕಿರಲಿಲ್ಲ. 1995ರಲ್ಲಿ ಫ್ರಾಂಕ್‌ಫರ್ಟ್‌ನ ಹಳೆಯ ದಾಖಲೆಗಳ ನಡುವೆ ಮನೋವೈದ್ಯ ಕೊನ್ರಾಡ್ ಮೌರರ್ ಮತ್ತವರ ಸಂಗಡಿಗರಿಗೆ ಅಗಸ್ಟೆಯ ಕಡತ ಸಿಕ್ಕಿತು. ನನ್ನ ಮಟ್ಟಿಗೆ ಆ ಕಡತವೇ ದೊಡ್ಡ ಪಠ್ಯಪುಸ್ತಕ. ಹೂಕೋಸಿಗೆ ಪಾಲಕ್ ಎಂದಾಗ ಆಲ್ಝೈಮರ್ 'ನಂಬಲಾಗದ ಉತ್ತರ' ಎಂದು ಬರೆದು ಮುಂದೆ ಹೋಗಲಿಲ್ಲ. ತಪ್ಪು ಉತ್ತರವೇ ಮೆದುಳು ಕೊಡುತ್ತಿರುವ ವರದಿ ಎಂದು ತಿಳಿದು ಅದನ್ನು ಬರೆದುಕೊಂಡ. ಎರಡು ಅರ್ಧಗಳನ್ನೂ ಒಬ್ಬನೇ ಮನುಷ್ಯ ಮಾಡಿದ್ದರಿಂದಲೇ ಆ ಕಾಯಿಲೆ ನಮಗೆ ಗೊತ್ತಾದದ್ದು.

ಈಗ ನಕ್ಷೆಗೆ ಬರೋಣ. ಟಾವ್ ಸಿಕ್ಕುಗಳು ಮೆದುಳಿನಲ್ಲಿ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಜರ್ಮನಿಯ ಹೈಕೊ ಮತ್ತು ಇವಾ ಬ್ರಾಕ್ ದಂಪತಿ 1991ರಲ್ಲಿ ಇವುಗಳ ಹಾದಿಯನ್ನು ಆರು ಹಂತಗಳಾಗಿ ಗುರುತಿಸಿದರು. ಮೊದಲು ಕಿವಿಯ ಒಳಮಗ್ಗುಲಲ್ಲಿರುವ ಟೆಂಪೊರಲ್ ಹಾಲೆಯ ಒಳಭಾಗ, ಹಿಪ್ಪೊಕ್ಯಾಂಪಸ್‌ನ ಹೆಬ್ಬಾಗಿಲು. ಆಮೇಲೆ ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಮುತ್ತ. ಕೊನೆಗೆ ಹೊರಪದರದ ವಿಶಾಲ ಭಾಗಗಳು. ದೇಹದ ಚಲನೆಯನ್ನು ಆಳುವ ಪಟ್ಟಿ, ಸ್ಪರ್ಶವನ್ನು ಅರಿಯುವ ಪಟ್ಟಿ ಬಹಳ ತಡವಾಗಿ ತಾಗುತ್ತವೆ. ಈ ಕ್ರಮ ಗೊತ್ತಿದ್ದವರಿಗೆ ಮನೆಮಂದಿಯ ದೊಡ್ಡ ಒಗಟೊಂದು ಬಿಡಿಸಿಕೊಳ್ಳುತ್ತದೆ. "ಐವತ್ತು ವರ್ಷದ ಹಿಂದಿನದೆಲ್ಲ ಹೇಳ್ತಾರೆ, ಬೆಳಗಿನದು ಮಾತ್ರ ಮರೆತೆ ಅಂತಾರೆ. ಬೇಕೂಂತ ಮಾಡ್ತಾರೆ ಡಾಕ್ಟ್ರೇ" ಎಂಬ ದೂರು ಪ್ರತಿ ಓಪಿಡಿಯಲ್ಲೂ ಕೇಳುತ್ತದೆ. ಬೇಕೆಂದು ಮಾಡುತ್ತಿಲ್ಲ. ಹೊಸದನ್ನು ಬರೆದಿಡುವ ಕೈ ಸೋತಿದೆ, ಹಳೆಯ ಬರಹ ಇನ್ನೂ ಉಳಿದಿದೆ. ಈ ಒಂದು ಮಾತನ್ನು ವಿದ್ಯಾರ್ಥಿನಿ ಆ ಮಗನಿಗೋ ಸೊಸೆಗೋ ಅರ್ಥವಾಗುವಂತೆ ಹೇಳಬಲ್ಲಳಾದರೆ ಅವತ್ತು ರಾತ್ರಿ ಆ ಮನೆಯಲ್ಲಿ ಒಂದು ಜಗಳ ತಪ್ಪಬಹುದು.

ಹಿಪ್ಪೊಕ್ಯಾಂಪಸ್ ಇಲ್ಲದೆ ಏನೇನು ಉಳಿಯುತ್ತದೆ ಎಂಬುದನ್ನು ಜಗತ್ತಿಗೆ ಕಲಿಸಿದವನು ಹೆನ್ರಿ ಮೊಲೈಸನ್. ಮೂರ್ಛೆರೋಗ ನಿಲ್ಲಿಸಲೆಂದು 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅವನ ಎರಡೂ ಕಡೆಯ ಟೆಂಪೊರಲ್ ಹಾಲೆಯ ಒಳಭಾಗವನ್ನು ತೆಗೆದುಹಾಕಿದರು. ಆಮೇಲೆ 2008ರಲ್ಲಿ ಸಾಯುವವರೆಗೂ ಹೊಸ ಸಂಗತಿಗಳು ಬಹುತೇಕ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಮಾಂಟ್ರಿಯಲ್‌ನ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮೂರು ದಿನದಲ್ಲಿ ಅವನ ಕೈ ಪಳಗಿತು. ಪ್ರತಿ ದಿನವೂ ಅವನು ಈ ಕೆಲಸವನ್ನು ಮೊದಲ ಸಲ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಕೈ ಕಲಿತದ್ದು ಅವನಿಗೆ ಗೊತ್ತಿರಲಿಲ್ಲ. ಕೈಯ ಕಲಿಕೆ ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲಮ್‌ಗಳ ಪಾಲಿನದು ಎಂಬುದು ಇಂದು ಪಠ್ಯದ ಮಾತು. ಇದನ್ನು ಆರೈಕೆಯ ಭಾಷೆಗೆ ತಂದರೆ ಹೀಗಾಗುತ್ತದೆ: ಮಗನ ಹೆಸರು ಮರೆತ ತಾಯಿ ಹೂ ಕಟ್ಟಬಲ್ಲರು, ಅವರೆಕಾಳು ಬಿಡಿಸಬಲ್ಲರು, ರಂಗೋಲಿಯ ಚುಕ್ಕಿ ಇಡಬಲ್ಲರು. ಮನೆಯಲ್ಲಿ ಪ್ರೀತಿಯಿಂದಲೇ "ನೀವು ಸುಮ್ಮನೆ ಕೂತ್ಕೊಳ್ಳಿ ಅಮ್ಮಾ" ಎನ್ನುತ್ತೇವೆ. ಅಲ್ಲಿಗೆ ಅವರಲ್ಲಿ ಉಳಿದಿದ್ದ ಆರೋಗ್ಯವಂತ ಭಾಗವನ್ನೂ ನಿವೃತ್ತಿ ಮಾಡಿಸಿದಂತಾಯಿತು. ದಾಸರ ಪದವನ್ನು ಮೊದಲಿಂದ ಕೊನೆವರೆಗೆ ಹಾಡುವವರು ಇವತ್ತಿನ ವಾರ ಯಾವುದೆಂದು ಹೇಳಲಾರರು. ಹಳೆಯ ಹಾಡುಗಳ ನೆನಪನ್ನು ಹೊರುವ ಭಾಗಗಳು ಆಲ್ಝೈಮರ್ ಕಾಯಿಲೆಯಲ್ಲಿ ಹೆಚ್ಚು ಕಾಲ ಉಳಿದುಕೊಳ್ಳುತ್ತವೆ ಎಂದು 2015ರಲ್ಲಿ ಪ್ರಕಟವಾದ ಮೆದುಳು ಚಿತ್ರಣದ ಅಧ್ಯಯನವೊಂದು ತೋರಿಸಿದೆ.

ಇನ್ನೂ ಆಳಕ್ಕೆ ಹೋಗುವ ಪಾಠವೊಂದಿದೆ. ನಾನು ಪಠ್ಯಕ್ರಮ ರೂಪಿಸುವವನಾಗಿದ್ದರೆ ಇದಕ್ಕೆ ಇಡೀ ಒಂದು ದಿನ ಕೊಡುತ್ತಿದ್ದೆ. ಜಿನೀವಾದ ವೈದ್ಯ ಎಡ್ವಾರ್ಡ್ ಕ್ಲಾಪರೇಡ್ 1911ರಲ್ಲಿ ಒಂದು ಪ್ರಯೋಗವನ್ನು ಬರೆದ. ಹೊಸ ನೆನಪೇ ನಿಲ್ಲದ ರೋಗಿಯೊಬ್ಬಳ ಕೈಕುಲುಕುವಾಗ ಬೆರಳ ಸಂದಿಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಅವಳನ್ನು ಚುಚ್ಚಿದ. ಅವಳಿಗೆ ಅದು ಬೇಗ ಮರೆತುಹೋಯಿತು. ಆದರೆ ಮತ್ತೆ ಕೈ ಚಾಚಿದಾಗ ಅವಳು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಯಾಕೆಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಅದು. ಇದೇ ಪ್ರಶ್ನೆಯನ್ನು ಮೃದುವಾಗಿ ಕೇಳಿದವರು ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆಲ್ಝೈಮರ್ ಕಾಯಿಲೆಯ 17 ಜನರಿಗೆ ಮನ ಕಲಕುವ ಸಿನಿಮಾ ತುಣುಕುಗಳನ್ನೂ ನಗಿಸುವ ತುಣುಕುಗಳನ್ನೂ ತೋರಿಸಿದರು. ಕೆಲವೇ ನಿಮಿಷಗಳಲ್ಲಿ ಏನು ನೋಡಿದೆವೆಂಬುದು ಬಹುಪಾಲು ಅಳಿಸಿಹೋಗಿತ್ತು. ದುಃಖ ಮಾತ್ರ ಹೋಗಿರಲಿಲ್ಲ, ಸಂತೋಷವೂ ಹೋಗಿರಲಿಲ್ಲ. ಕಡಿಮೆ ನೆನಪಿದ್ದವರಲ್ಲಿ ದುಃಖ ಹೆಚ್ಚು ಹೊತ್ತು ಉಳಿದಿತ್ತು.

ಇದರ ಅರ್ಥವನ್ನು ಒಂದು ಮನೆಯೊಳಗೆ ಇಟ್ಟು ನೋಡಿ. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದ ಅಜ್ಜಿ ಸಂಜೆಯಾದರೆ "ಅವರಿನ್ನೂ ಬರಲಿಲ್ಲವಲ್ಲ" ಎಂದು ಬಾಗಿಲ ಕಡೆ ನೋಡುತ್ತಾರೆ. "ಅಪ್ಪ ಹೋಗಿ ಎಷ್ಟು ವರ್ಷ ಆಯ್ತು, ಮರೆತ್ಯಾ?" ಎಂದು ಮಗ ಸತ್ಯವನ್ನೇ ಹೇಳುತ್ತಾನೆ. ಅಜ್ಜಿಗೆ ಅದು ಇಂದು ಬಂದ ಸಾವಿನ ಸುದ್ದಿ. ಎದೆ ಒಡೆದು ಅಳುತ್ತಾರೆ. ಹತ್ತು ನಿಮಿಷಕ್ಕೆ ಸುದ್ದಿ ಮರೆಯುತ್ತದೆ, ಎದೆಯ ಭಾರ ಹಾಗೇ ಉಳಿಯುತ್ತದೆ. ಈಗ ಅವರಿಗೆ ಕಾರಣವೇ ಗೊತ್ತಿಲ್ಲದ ದುಃಖ. ಅದು ಸಿಟ್ಟಾಗಿ, ಊಟ ಬೇಡವೆನ್ನುವ ಹಟವಾಗಿ, ರಾತ್ರಿಯ ಅಲೆದಾಟವಾಗಿ ಹೊರಬರುತ್ತದೆ. ನರ್ಸಿಂಗ್ ಕಲಿಯುವವರಿಗೆ ಇಲ್ಲಿ ಬೇರೆ ದಾರಿ ತೋರಿಸಬೇಕು. "ಅವರು ಮನೆಗೆ ಬರುವಾಗ ಏನು ತರ್ತಿದ್ರು ಅಜ್ಜಿ?" ಎಂದು ಕೇಳಿ ನೋಡಲಿ. ಅಜ್ಜಿ ಆ ಮನುಷ್ಯನ ಬಗ್ಗೆ ಮಾತಾಡುತ್ತಾರೆ, ಮಲ್ಲಿಗೆಯ ಪೊಟ್ಟಣ ನೆನಪಾಗುತ್ತದೆ, ಮುಖ ಸಡಿಲವಾಗುತ್ತದೆ. ಸಂಗತಿ ಮರೆತ ಮೇಲೂ ಆ ಹಿತ ಸ್ವಲ್ಪ ಹೊತ್ತು ಇರುತ್ತದೆ. ಹಾಗಾದರೆ ಇದು ಸುಳ್ಳು ಹೇಳಿದಂತೆ ಆಗುವುದಿಲ್ಲವೇ, ರೋಗಿಗೆ ಸತ್ಯ ತಿಳಿಯುವ ಹಕ್ಕು ಇಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೇಳಲಿ, ತರಗತಿಯಲ್ಲಿ ವಾದ ನಡೆಯಲಿ. ಮಾತನ್ನು ಬೇರೆಡೆಗೆ ತಿರುಗಿಸುವುದಕ್ಕೂ ಸುಳ್ಳು ಹೇಳುವುದಕ್ಕೂ ಅಂತರವಿದೆ ಎಂಬುದು ನನ್ನ ನಿಲುವು. ಆದರೆ ಕಾಯಿಲೆಯ ಆರಂಭದಲ್ಲಿರುವವರು ತಮಗೇನಾಗಿದೆ ಎಂದು ಕೇಳಿದಾಗ ಮಾತ್ರ ನಿಜವನ್ನೇ ಹೇಳಬೇಕು. ಆಸ್ತಿಪತ್ರ, ಬ್ಯಾಂಕು, ಮುಂದೆ ತಮ್ಮನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನೆಲ್ಲ ತಾವೇ ತೀರ್ಮಾನಿಸಲು ಅವರಿಗೆ ಇನ್ನೂ ಸಮಯವಿರುತ್ತದೆ.

ಮೆದುಳಿನ ಹಿಂಭಾಗದ ಪಾಠ ಊಟದ ತಟ್ಟೆಯಲ್ಲಿದೆ. ಕಣ್ಣು ಸರಿಯಿದ್ದರೂ ಕಂಡದ್ದನ್ನು ಬಿಡಿಸಿ ನೋಡುವ ಆಕ್ಸಿಪಿಟಲ್ ಮತ್ತು ಪೆರೈಟಲ್ ಭಾಗಗಳು ಸೋತರೆ ಬಣ್ಣದ ಅಂತರ, ಆಳ, ಅಂಚು ಗೊತ್ತಾಗುವುದಿಲ್ಲ. ಬಾಗಿಲ ಬಳಿಯ ಕಪ್ಪು ಕಾಲೊರಸು ಗುಂಡಿಯಂತೆ ಕಂಡು ಕೆಲವರು ಅಲ್ಲೇ ನಿಂತುಬಿಡುತ್ತಾರೆ. ಬಿಳಿ ಕಮೋಡ್ ಬಿಳಿ ಟೈಲ್ಸಿನಲ್ಲಿ ಮಾಯವಾಗುತ್ತದೆ. 2004ರಲ್ಲಿ ಬಾಸ್ಟನ್‌ನ ಸಂಶೋಧಕರು ಕಾಯಿಲೆ ಬಲಿತವರಿಗೆ ಬಿಳಿ ತಟ್ಟೆ ಲೋಟಗಳ ಬದಲು ಗಾಢ ಕೆಂಪು ಬಣ್ಣದವನ್ನು ಕೊಟ್ಟರು. ತಿನ್ನುವ ಪ್ರಮಾಣ ಶೇ. 25ರಷ್ಟು, ಕುಡಿಯುವ ಪ್ರಮಾಣ ಶೇ. 84ರಷ್ಟು ಹೆಚ್ಚಿತು. ಚಿಕ್ಕ ಅಧ್ಯಯನವೇ ಸರಿ. ಆದರೆ ಅದಕ್ಕೆ ಔಷಧದ ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಬಿಟ್ಟೇಳುವ ತಾತನಿಗೆ ಅದೇ ಅನ್ನವನ್ನು ಹಸಿರು ಬಾಳೆಲೆಯ ಮೇಲೆ ಬಡಿಸಿ ನೋಡಬಹುದಲ್ಲ ಎಂದು ನನಗೆ ಅನಿಸುತ್ತದೆ. ಹಸಿವಿಲ್ಲ, ಹಟ ಮಾಡುತ್ತಾರೆ ಎಂದು ಬರೆಯುವ ಮೊದಲು ಅವರಿಗೆ ಅನ್ನ ಕಾಣುತ್ತಿದೆಯೇ ಎಂದು ಕೇಳುವ ಅಭ್ಯಾಸ ಬೆಳೆಯಲಿ.

ಮುಂಭಾಗ ಸೋತರೆ ಕಥೆಯೇ ಬೇರೆ. ಫ್ರಂಟೊಟೆಂಪೊರಲ್ ಡಿಮೆನ್ಷಿಯಾ ಹೆಚ್ಚಾಗಿ 45ರಿಂದ 65ರ ವಯಸ್ಸಿನಲ್ಲಿ ಬರುತ್ತದೆ. ಅಲ್ಲಿ ನೆನಪು ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಕೆಡುವುದು ಸಂಕೋಚ, ಮರ್ಯಾದೆ, ಇನ್ನೊಬ್ಬರ ನೋವಿಗೆ ಮಿಡಿಯುವ ಗುಣ. ಮಿತಭಾಷಿಯಾಗಿದ್ದ ಮೇಷ್ಟ್ರು ಮದುವೆ ಮನೆಯಲ್ಲಿ ಅಸಭ್ಯವಾಗಿ ಮಾತಾಡುತ್ತಾರೆ, ಸಿಹಿ ಕಂಡರೆ ಬಿಡುವುದಿಲ್ಲ, ಹೆಂಡತಿಗೆ ಜ್ವರ ಬಂದರೂ ಏನೂ ಆಗಿಲ್ಲವೆಂಬಂತೆ ಕೂರುತ್ತಾರೆ. ಇದನ್ನು ಕಾಯಿಲೆಯೆಂದು ಯಾರೂ ಎಣಿಸುವುದಿಲ್ಲ. ಮನೆ ಒಡೆಯುತ್ತದೆ, ಕೆಲಸ ಹೋಗುತ್ತದೆ, ಆಮೇಲೆ ಎಂದೋ ಸ್ಕ್ಯಾನ್ ಆಗುತ್ತದೆ. ಹಣೆಯ ಹಿಂದಿನ ಹಾಲೆಗಳು ಏನು ಮಾಡುತ್ತವೆ ಎಂದು ಬರೆದು ಅಂಕ ಪಡೆದ ವಿದ್ಯಾರ್ಥಿಗೆ ಈ ಹೆಂಡತಿಯ ಮಾತು ಕಿವಿಗೆ ಬಿದ್ದಾಗ ಆ ಹಾಲೆಗಳು ನೆನಪಾಗಬೇಕು.

ಲೀವಿ ಬಾಡಿ ಡಿಮೆನ್ಷಿಯಾದಲ್ಲಂತೂ ನಕ್ಷೆ ತಿಳಿಯದಿದ್ದರೆ ಪ್ರಾಣಕ್ಕೇ ಕುತ್ತು. ಕಾಯಿಲೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಮೂಲೆಯಲ್ಲಿ ಮಕ್ಕಳು ಕೂತಂತೆ, ಅಂಗಳದಲ್ಲಿ ಪ್ರಾಣಿಗಳು ಓಡಾಡಿದಂತೆ ಸ್ಪಷ್ಟವಾಗಿ ಕಾಣುತ್ತದೆ. ಗಾಳಿ ಸೋಂಕಿದೆ ಎಂದು ಎಷ್ಟೋ ಮನೆಗಳಲ್ಲಿ ಮೊದಲು ತಾಯಿತ ಕಟ್ಟಿಸುತ್ತಾರೆ. ಆಸ್ಪತ್ರೆಗೆ ಬಂದ ರಾತ್ರಿ ಅವರು ಕೂಗಾಡಿದರೆ ಡ್ಯೂಟಿಯಲ್ಲಿರುವ ಇಂಟರ್ನ್‌ನ ಕೈ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕಡೆ ಹೋಗುತ್ತದೆ. ಆ ಔಷಧ ಮೆದುಳಿನಲ್ಲಿ ಡೋಪಮಿನ್ ಕೆಲಸವನ್ನು ತಡೆಯುತ್ತದೆ. ಈ ಕಾಯಿಲೆಯಲ್ಲಿ ಡೋಪಮಿನ್ ಮೊದಲೇ ಬತ್ತಿರುತ್ತದೆ. ರೋಗಿ ಮರದಂತೆ ಸೆಟೆದುಕೊಳ್ಳಬಹುದು, ಪ್ರಜ್ಞೆ ತಪ್ಪಬಹುದು, ಸಾಯಲೂಬಹುದು. ಮೊದಲ ವರ್ಷದ ಫಿಸಿಯಾಲಜಿ, ಎರಡನೆಯ ವರ್ಷದ ಫಾರ್ಮಕಾಲಜಿ, ಕೊನೆಯ ವರ್ಷದ ಮೆಡಿಸಿನ್ ಮೂರೂ ಆ ಒಂದು ಸಿರಿಂಜಿನಲ್ಲಿ ಸೇರುತ್ತವೆ. ಮೂರನ್ನೂ ಬೇರೆಬೇರೆ ಕಲಿತವರಿಗೆ ಆ ಅವಸರದ ರಾತ್ರಿ ಅವನ್ನು ಒಟ್ಟು ಮಾಡಲು ಹೇಗೆ ಸಾಧ್ಯ?

ಎರಡೇ ದಿನದಲ್ಲಿ ಹಠಾತ್ತನೆ ಗೊಂದಲ ಶುರುವಾಗಿದ್ದರೆ ಅದನ್ನು ಡಿಮೆನ್ಷಿಯಾ ಎಂದು ತಳ್ಳಿಹಾಕಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮೂತ್ರದ ಸೋಂಕು, ಸೋಡಿಯಂ ಕೊರತೆ, ಹೊಸದಾಗಿ ಶುರುಮಾಡಿದ ಮಾತ್ರೆ, ಬಿದ್ದಾಗ ತಲೆಯೊಳಗೆ ಆದ ರಕ್ತಸ್ರಾವ ಯಾವುದೂ ಇರಬಹುದು. ನಿಧಾನವಾಗಿ ಬರುವ ಮರೆವಿನಲ್ಲೂ ಬಿ12 ಕೊರತೆ, ಥೈರಾಯ್ಡ್ ಸೊರಗಿರುವುದು, ಖಿನ್ನತೆ ಇವನ್ನು ಹುಡುಕದೆ "ಅರಳುಮರಳು, ವಯಸ್ಸಾಯ್ತಲ್ಲ" ಎನ್ನುವುದು ವೈದ್ಯರು ಆಡುವ ಮಾತಲ್ಲ.

ಇಷ್ಟನ್ನೂ ಕೈಯಲ್ಲಿ ಹಿಡಿದು ಕಲಿಯುವ ಜಾಗ ಕನ್ನಡನಾಡಿನಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಮೆದುಳು ಅಂಗಾಂಶ ಭಂಡಾರ ಶುರುವಾಯಿತು. ಅದರ ಜೊತೆಗಿರುವ ಮೆದುಳು ಸಂಗ್ರಹಾಲಯದಲ್ಲಿ ನೂರಾರು ಮೆದುಳುಗಳಿವೆ. ವಿದ್ಯಾರ್ಥಿಗಳಿಗಷ್ಟೇ ಅಲ್ಲದೆ ಸಾರ್ವಜನಿಕರಿಗೂ ಪ್ರವೇಶವಿದೆ, ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ಬದುಕಿರುವಾಗ ತಲೆಬುರುಡೆಯೊಳಗೆ ಗಿಣ್ಣಿನಷ್ಟು ಮೆತ್ತಗಿರುವ ಈ ಅಂಗ ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾಗಿರುತ್ತದೆ. ಆರೋಗ್ಯವಂತ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಆಲ್ಝೈಮರ್ ಬಲಿತವರ ಮೆದುಳು ಒಂದು ಕಿಲೋಗಿಂತ ಕೆಳಗೆ ಇಳಿದಿರಲೂಬಹುದು. ಮಡಿಕೆಗಳ ನಡುವಿನ ಸಂದು ಅಗಲವಾಗಿರುತ್ತದೆ, ಒಳಗಿನ ಕುಹರಗಳು ಹಿಗ್ಗಿರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಆಮೇಲೆ "ಸ್ವಲ್ಪ ಗಮನ ಕೊಟ್ಟರೆ ನೆನಪಾಗುತ್ತೆ ತಾತ" ಎಂದು ಗದರಲಾರರು ಎಂದು ನಂಬಿದ್ದೇನೆ. ದುಃಖದ ಆ ಮೊದಲ ಗಂಟೆಗಳಲ್ಲೇ ಮನಸ್ಸು ಗಟ್ಟಿಮಾಡಿ ಒಪ್ಪಿಗೆ ಕೊಟ್ಟ ಕುಟುಂಬಗಳಿಂದ ಈ ಮೆದುಳುಗಳು ಬಂದಿವೆ. ತರಗತಿ ಶುರುವಾಗುವ ಮುನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಲೇಬೇಕು.

ಸಂಗ್ರಹಾಲಯದಿಂದ ಓಪಿಡಿಗೆ ಬಂದರೆ ಪರೀಕ್ಷೆಯ ಹಾಳೆ ಎದುರಾಗುತ್ತದೆ. 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆಯಲ್ಲಿ ತಾರೀಖು ಹೇಳಬೇಕು, ವಾಕ್ಯ ಬರೆಯಬೇಕು, ಒಂದರೊಳಗೊಂದು ಸೇರಿದ ಪಂಚಕೋನಗಳನ್ನು ಬಿಡಿಸಬೇಕು. ಪೆನ್ನು ಹಿಡಿದೇ ಇಲ್ಲದ ಕೈಗೆ ಇದು ಅನ್ಯಾಯ. ಶಾಲೆಗೆ ಹೋಗದಿದ್ದದ್ದನ್ನು ಅದು ಕಾಯಿಲೆಯೆಂದು ಎಣಿಸಿಬಿಡುತ್ತದೆ. ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ರೂಪಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆ ಈ ತಪ್ಪನ್ನು ತಿದ್ದಿತು. ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದಿತು. ಈಗ ಐಸಿಎಂಆರ್ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಲ್ಲಿ ಪರೀಕ್ಷಾ ಸಾಮಗ್ರಿಯನ್ನು ಸಿದ್ಧಪಡಿಸಿದೆ. ಆದರೂ ವಿದ್ಯಾರ್ಥಿ ಮೊದಲು ಕೇಳಬೇಕಾದದ್ದು ಮನೆಮಾತು ಯಾವುದೆಂದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕೊಡವ ತಕ್ಕನ್ನೋ ಆಡಿ ಬೆಳೆದವರ ಕನ್ನಡ ಮೊದಲು ಸವೆದಿರಬಹುದು. ಭಾಷೆಗಳ ವಿಷಯದಲ್ಲಿ ನಮ್ಮ ದೇಶವೇ ಜಗತ್ತಿಗೆ ಒಂದು ಪಾಠ ಹೇಳಿದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಆ ಅಂತರ ಇತ್ತು.

ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇಷ್ಟು ಜನರನ್ನು ನರರೋಗ ತಜ್ಞರೇ ನೋಡುವುದು ಆಗದ ಮಾತು. ನೋಡುವವರು ತಾಲ್ಲೂಕಿನ ವೈದ್ಯರು, ಸ್ಟಾಫ್ ನರ್ಸುಗಳು, ಫಿಜಿಯೋಥೆರಪಿಸ್ಟರು, ನುಂಗುವ ತೊಂದರೆಯನ್ನು ಗುರುತಿಸಿ ಅನ್ನ ಶ್ವಾಸನಾಳಕ್ಕೆ ಹೋಗದಂತೆ ತಡೆಯುವ ವಾಕ್ ಚಿಕಿತ್ಸಕರು. ಕೊನೆಯ ಹಂತದಲ್ಲಿ ಜೀವ ತೆಗೆಯುವುದು ಬಹಳ ಸಲ ನ್ಯುಮೋನಿಯಾ ಆದ್ದರಿಂದ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಯಾರಾಗುವವರ ಕೆಲಸವನ್ನು ವೈದ್ಯ ವಿದ್ಯಾರ್ಥಿಗಳು ಜೊತೆಯಲ್ಲಿ ನಿಂತು ನೋಡಬೇಕು. ಔಷಧ ಬರಲಿ, ಆಮೇಲೆ ಆರೈಕೆ ಎನ್ನುವಂತಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್, ಕಾಯಿಲೆಯ ಆರಂಭದಲ್ಲಿರುವವರ ಕುಸಿತವನ್ನು 18 ತಿಂಗಳಲ್ಲಿ ಕಾಲುಭಾಗದಷ್ಟು ನಿಧಾನ ಮಾಡಿತು. ನಿಲ್ಲಿಸಲಿಲ್ಲ.

ಆರೈಕೆಯನ್ನು ಕಲಿಯಬೇಕಾದದ್ದು ಮನೆಯಲ್ಲಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1998ರಿಂದ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬರನ್ನು ಡಿಮೆನ್ಷಿಯಾ ಇರುವ ಒಬ್ಬರೊಡನೆ ಒಂದು ವರ್ಷದ ಮಟ್ಟಿಗೆ ಜೊತೆಗೂಡಿಸುತ್ತಾರೆ. ಆ ಗೆಳೆತನದಲ್ಲಿ ಸ್ಟೆತಾಸ್ಕೋಪ್ ಇಲ್ಲ, ಕೇಸ್ ಶೀಟ್ ಇಲ್ಲ. ಇಂಗ್ಲೆಂಡಿನ ಬ್ರೈಟನ್ ಮತ್ತು ಸರ್ರೆಯಲ್ಲಿ 2014ರಲ್ಲಿ ಶುರುವಾದ 'ಟೈಮ್ ಫಾರ್ ಡಿಮೆನ್ಷಿಯಾ' ಇನ್ನೂ ಮುಂದೆ ಹೋಯಿತು. ವೈದ್ಯಕೀಯ, ನರ್ಸಿಂಗ್, ಪ್ಯಾರಾಮೆಡಿಕ್ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಂದೇ ಕುಟುಂಬವನ್ನು ಎರಡು ವರ್ಷ, ಮೂರು ತಿಂಗಳಿಗೊಮ್ಮೆಯಂತೆ ಭೇಟಿ ಮಾಡುತ್ತಾರೆ. ಅದು ಪಠ್ಯದ ಕಡ್ಡಾಯ ಭಾಗ. ಎರಡು ವರ್ಷ ಎಂಬುದೇ ಇದರ ಜೀವಾಳ. ವಾರ್ಡಿನಲ್ಲಿ ಹತ್ತು ನಿಮಿಷ ನೋಡಿದವರಿಗೆ ಕಾಯಿಲೆ ಒಂದು ಸ್ಥಿತಿಯಾಗಿ ಕಾಣುತ್ತದೆ. ಎರಡು ವರ್ಷ ನೋಡಿದವರಿಗೆ ಮನುಷ್ಯ ಕಾಣುತ್ತಾನೆ, ಅವನೊಳಗೆ ಬ್ರಾಕ್ ದಂಪತಿ ಬರೆದ ಹಂತಗಳು ಒಂದೊಂದಾಗಿ ಸಾಗುವುದೂ ಕಾಣುತ್ತದೆ.

ನಮ್ಮಲ್ಲಿ ಇದಕ್ಕೆ ಬುನಾದಿ ಆಗಲೇ ಬಿದ್ದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮದಂತೆ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಮುಂದಿನ ವರ್ಷಗಳಲ್ಲೂ ಅವರ ಆರೋಗ್ಯವನ್ನು ಗಮನಿಸಬೇಕು. ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ರಕ್ತಹೀನತೆ ನೋಡುತ್ತಾರೆ. ಅದೇ ಮನೆಯ ಮೂಲೆಯ ಮಂಚದ ಮೇಲೆ ಕೂತ ಅಜ್ಜಿಯ ಜೊತೆ ಅರ್ಧ ಗಂಟೆ ಮಾತಾಡಿ ಬನ್ನಿ ಎಂದು ಹೇಳಲು ಹೊಸ ಕಾನೂನು ಬೇಕಿಲ್ಲ, ಹೊಸ ಹಣ ಬೇಕಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ರೈತರು, ಕೂಲಿಕಾರರು ಅಷ್ಟು ದೊಡ್ಡ ವಿಜ್ಞಾನಕ್ಕೆ ಒಪ್ಪಿ ಮುಂದೆ ಬಂದಿರುವಾಗ ವೈದ್ಯಕೀಯ ಕಾಲೇಜುಗಳು ತಮ್ಮ ದತ್ತು ಮನೆಗಳಲ್ಲಿ ಇಷ್ಟನ್ನಾದರೂ ಮಾಡಬೇಡವೇ?

ಇಂಥ ಭೇಟಿಯಲ್ಲಿ ಏನನ್ನು ಗಮನಿಸಬೇಕು ಎಂಬುದಕ್ಕೆ ಬ್ರಾಡ್‌ಫರ್ಡ್‌ನ ಟಾಮ್ ಕಿಟ್‌ವುಡ್ 1997ರಲ್ಲಿ ಬರೆದ ಪುಸ್ತಕ ಕೈದೀಪ. ರೋಗಿಯನ್ನು ಕುಗ್ಗಿಸುವುದು ಬರೀ ಮೆದುಳಿನ ಹಾನಿಯಲ್ಲ, ಸುತ್ತಲಿನವರ ನಡವಳಿಕೆಯೂ ಹೌದು ಎಂದು ಆತ ವಾದಿಸಿದ. ಎದುರಿಗಿರುವಾಗಲೇ ಅವರಿಲ್ಲವೆಂಬಂತೆ ಮಾತಾಡುವುದು, ಮಗುವಿನಂತೆ ಮುದ್ದು ಮಾಡುವುದು, ಅವರ ವೇಗ ಮೀರಿ ಅವಸರ ಮಾಡುವುದು ಎಲ್ಲವನ್ನೂ ಆತ ಹೆಸರಿಟ್ಟು ಪಟ್ಟಿ ಮಾಡಿದ. ಅವನ್ನು ಇವತ್ತಿನ ಯಾವುದೇ ಓಪಿಡಿಯಲ್ಲಿ ಕಾಣಬಹುದು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಮಗನ ಕಡೆ ತಿರುಗುತ್ತೇವೆ. ಮಾತನ್ನು ಒಳಗೆ ತೆಗೆದುಕೊಂಡು ಅರ್ಥಮಾಡಿ ಉತ್ತರ ಹುಡುಕಲು ಸೋತ ಮೆದುಳಿಗೆ ಹೆಚ್ಚು ಹೊತ್ತು ಬೇಕು. ಆ ಹೊತ್ತನ್ನು ಕೊಡುವುದು ಸೌಜನ್ಯವೂ ಹೌದು, ಸರಿಯಾದ ಪರೀಕ್ಷಾ ವಿಧಾನವೂ ಹೌದು. ಅಜ್ಜಿಯ ಮುಖದ ಮಟ್ಟಕ್ಕೆ ಕೂತು, ಹೆಸರು ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ ಸುಮ್ಮನಿರುವುದನ್ನು ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಕೊಟ್ಟು ಅಳೆಯಬೇಕು. ಅಂಕ ಇಲ್ಲದ ಪಾಠವನ್ನು ವಿದ್ಯಾರ್ಥಿಗಳು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂದು ಕಲಿಸಿದವರಿಗೆಲ್ಲ ಗೊತ್ತು.

ಆ ಭೇಟಿಯಲ್ಲಿ ಇನ್ನೊಬ್ಬರಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಸೊಸೆ, ಮಗಳು ಅಥವಾ ತಾವೇ ವಯಸ್ಸಾದ ಹೆಂಡತಿ. ರಾತ್ರಿ ಮೂರು ಸಲ ಎದ್ದು ಬಾಗಿಲ ಚಿಲಕ ನೋಡುವವರು, ಕದ್ದಳೆಂಬ ಆರೋಪ ಕೇಳಿಸಿಕೊಂಡು ಅದೇ ಕೈಯಲ್ಲಿ ಸ್ನಾನ ಮಾಡಿಸುವವರು. ಬಳೆ ಎಲ್ಲಿಟ್ಟೆನೆಂಬುದನ್ನು ಬರೆದಿಡಲಾಗದ ಮೆದುಳು ಖಾಲಿ ಜಾಗವನ್ನು ಕಳ್ಳತನದ ಕಥೆಯಿಂದ ತುಂಬಿಕೊಳ್ಳುತ್ತದೆ, ಹತ್ತಿರ ಇರುವವರ ಮೇಲೇ ಅನುಮಾನ ಬರುತ್ತದೆ. ಇದನ್ನು ಆಕೆಗೆ ಯಾರೂ ಹೇಳಿರುವುದಿಲ್ಲ. ವಿದ್ಯಾರ್ಥಿ ಅದನ್ನು ಹೇಳಲಿ. ಆಮೇಲೆ "ನೀವು ನಿದ್ದೆ ಮಾಡ್ತೀರಾ ಅಕ್ಕಾ? ನಿಮ್ಮ ಬಿಪಿ ಯಾವಾಗ ನೋಡಿಸಿದ್ರಿ?" ಎಂದು ಕೇಳಲಿ. ಹಿರಿಯರ ಸಹಾಯವಾಣಿ 14567, ಟೆಲಿ ಮಾನಸ್ 14416 ಎಂಬ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಆಕೆಯ ಕೈಗೆ ಕೊಟ್ಟು, ಮುಂದಿನ ಭೇಟಿ ಯಾವತ್ತೆಂದು ಹೇಳಿ ಬರಲಿ.